ಬೆಳಗಾಗುವ ಮುಂಚೆ ಹೊರಡಿ, ನಿದ್ದೆ ಮುಗಿಸಿ ಹೊರಡಿ

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಪಕ್ಕದಲ್ಲಿ ತಾತನೋ ಅಜ್ಜಿಯೋ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ.

20 ಕಿಲೋಮೀಟರ್ ದಾರಿ. ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಎಷ್ಟು ಹೊತ್ತು ಬೇಕು? 15 ನಿಮಿಷ. ಅದೇ ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋದರೆ? 12 ನಿಮಿಷ. ಅಪ್ಪ ಅಷ್ಟು ಜೋರಾಗಿ ಓಡಿಸಿ ಉಳಿಸಿದ್ದು ಬರೀ ಮೂರು ನಿಮಿಷ! ಈಗ ಅದೇ 20 ಕಿ.ಮೀ.ನಲ್ಲಿ ಟ್ರಾಫಿಕ್ ಜಾಮ್ ಆಗಿ, ಕಾರು ಗಂಟೆಗೆ 10 ಕಿ.ಮೀ.ನಂತೆ ತೆವಳಿತು ಅನ್ನಿ. ಎಷ್ಟು ಹೊತ್ತಾಯಿತು? ಎರಡು ಗಂಟೆ.

ಈ ಲೆಕ್ಕ ಏನು ಹೇಳುತ್ತದೆ? ದೂರದ ಊರಿಗೆ ಬೇಗ ತಲುಪುವುದು ಕಾರು ಎಷ್ಟು ಜೋರಾಗಿ ಓಡುತ್ತದೆ ಅನ್ನುವುದರ ಮೇಲೆ ನಿಂತಿಲ್ಲ, ಮನೆಯಿಂದ ಎಷ್ಟು ಗಂಟೆಗೆ ಹೊರಟಿರಿ ಅನ್ನುವುದರ ಮೇಲೆ ನಿಂತಿದೆ. ದಸರಾ ರಜೆಗೋ ದೀಪಾವಳಿಗೋ ಬೇಸಿಗೆ ರಜೆಗೋ ಮನೆಮಂದಿಯೆಲ್ಲ ಕಾರಿನಲ್ಲಿ ಊರಿಗೆ ಹೋಗುವವರು ಇದನ್ನು ಮೊದಲು ಗಂಟು ಹಾಕಿಕೊಳ್ಳಬೇಕು.

ಉದಾಹರಣೆಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 48. ಸುಮಾರು 410 ಕಿ.ಮೀ. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ, ಆಮೇಲೆ ಹುಬ್ಬಳ್ಳಿ. ಈ ಉದ್ದದ ದಾರಿಯಲ್ಲಿ ಹೆಚ್ಚು ಹೊತ್ತು ತಿನ್ನುವುದು ಮೊದಲ 30 ಕಿ.ಮೀ. ಮಾತ್ರ. ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು, ತುಮಕೂರು ಕಡೆಯಿಂದ ನಗರಕ್ಕೆ ಬರುವವರು, ಬಸ್ಸು, ಲಾರಿ, ಶಾಲೆ ವ್ಯಾನು ಎಲ್ಲವೂ ಬೆಳಿಗ್ಗೆ ಎಂಟರ ಹೊತ್ತಿಗೆ ಅಲ್ಲೇ ಸೇರುತ್ತವೆ. ನೆಲಮಂಗಲದಲ್ಲಿ ಹಾಸನ, ಮಂಗಳೂರಿನ ದಾರಿ ಕವಲೊಡೆಯುವವರೆಗೆ ಆ ಕಡೆಯವರೂ ನಮ್ಮ ಜೊತೆಯಲ್ಲೇ ಇರುತ್ತಾರೆ. ಆಮೇಲಿನ 380 ಕಿ.ಮೀ. ಅಷ್ಟು ಕಷ್ಟವಿಲ್ಲ.

ಜಾಮ್ ಹೇಗೆ ಹುಟ್ಟುತ್ತದೆ ಗೊತ್ತೇ? ಮುಂದೆ ಅಪಘಾತವಾಗಿರಬೇಕು, ಲಾರಿ ಕೆಟ್ಟು ನಿಂತಿರಬೇಕು ಎಂದು ನಾವು ಕತ್ತು ಚಾಚಿ ನೋಡುತ್ತೇವೆ. ಎಷ್ಟೋ ಸಲ ಅಲ್ಲಿ ಏನೂ ಇರುವುದಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಅವರ ಜೊತೆಗಾರರು ಇದನ್ನು ಪ್ರಯೋಗ ಮಾಡಿ ತೋರಿಸಿದರು. 2008ರಲ್ಲಿ ಅದು ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ಒಂದು ವೃತ್ತ. ಅದರ ಮೇಲೆ 22 ಕಾರು. ಎಲ್ಲರೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರಬೇಕು, ಅಷ್ಟೇ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನವಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಆಗಿಯೇ ಬಿಟ್ಟಿತು! ಒಬ್ಬರು ಒಂಚೂರು ನಿಧಾನ ಮಾಡಿದರೆ ಹಿಂದಿನವರು ಇನ್ನೂ ಸ್ವಲ್ಪ ಜಾಸ್ತಿ ಬ್ರೇಕ್ ಒತ್ತುತ್ತಾರೆ. ಅವರ ಹಿಂದಿನವರು ಇನ್ನೂ ಜಾಸ್ತಿ. ಕೊನೆಗೆ ಯಾರೋ ಪೂರ್ತಿ ನಿಂತೇ ಬಿಡುತ್ತಾರೆ. ಕಾರುಗಳು ಮುಂದೆ ಹೋಗುತ್ತಿದ್ದರೆ, ಈ ನಿಲ್ಲುವ ಅಲೆ ಹಿಂದಕ್ಕೆ ಸಾಗುತ್ತದೆ. ಪ್ರಯೋಗದಲ್ಲಿ ಅದು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದೆ ಹಿಂದೆ ಸರಿಯಿತು.

ಇದರಿಂದ ಎರಡು ಪಾಠ. ಒಂದು, ರಸ್ತೆಯಲ್ಲಿ ವಾಹನ ಒತ್ತೊತ್ತಾಗಿ ತುಂಬಿದಾಗ ಜಾಮ್ ಆಗಲು ಬೇರೆ ಕಾರಣವೇ ಬೇಡ. ಹಾಗಾಗಿ ತುಂಬುವ ಮೊದಲೇ ದಾಟಬೇಕು. ಎರಡು, ಅಕಸ್ಮಾತ್ ಸಿಕ್ಕಿಬಿದ್ದರೆ ಮುಂದಿನ ಕಾರಿಗೆ ಅಂಟಿಕೊಂಡು ಹೋಗಬಾರದು. ಸ್ವಲ್ಪ ಜಾಗ ಬಿಟ್ಟು ಒಂದೇ ಸಮನೆ ಹೋದರೆ ಬ್ರೇಕ್ ಒತ್ತುವುದು ಕಡಿಮೆಯಾಗುತ್ತದೆ, ಹಿಂದಿನವರಿಗೂ ಉಪಕಾರ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಗ್ಗಿದರೆ ಪ್ರತಿ ಸಲವೂ ಒಂದು ಹೊಸ ಅಲೆಯನ್ನು ಹುಟ್ಟಿಸಿದಂತೆ.

ಈಗ ಹಿರಿಯರಿಗೆ ಒಂದು ಮಾತು. ಜಾಮ್ ಎಂದರೆ ಮಕ್ಕಳಿಗೆ ಬೇಜಾರು, ಓಡಿಸುವವರಿಗೆ ಸಿಟ್ಟು. ಆದರೆ ನಿಜವಾದ ಕಷ್ಟ ಹಿಂದಿನ ಸೀಟಿನಲ್ಲಿ ಕೂತ ಅಜ್ಜ, ಅಜ್ಜಿಗೆ. ನಡು ರಸ್ತೆಯಲ್ಲಿ ಇಳಿಯುವಂತಿಲ್ಲ, ಕಾಲು ಚಾಚುವಂತಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಕೇಳಿದರೆ "ಬಾಯಾರಿಕೆ ಇಲ್ಲ ಕಣಪ್ಪ" ಅನ್ನುತ್ತಾರೆ. ನಿಜ ಸಂಗತಿ ಬೇರೆ. ಪದೇ ಪದೇ ಕಾರು ನಿಲ್ಲಿಸಿ ಎನ್ನಲು ಸಂಕೋಚ. ಕೆಲವರು ರಕ್ತದೊತ್ತಡಕ್ಕೆ ಕೊಟ್ಟಿರುವ, ಮೂತ್ರ ಹೆಚ್ಚು ಮಾಡುವ ಮಾತ್ರೆಯನ್ನೇ ಆ ದಿನ ನುಂಗದೆ ಬಿಡುತ್ತಾರೆ. ಇದು ಅಪಾಯ. ನೀರು ಕಡಿಮೆಯಾದರೆ ತಲೆಸುತ್ತು, ಸುಸ್ತು. ಗಂಟೆಗಟ್ಟಲೆ ಕದಲದೆ ಕೂತರೆ ಕಾಲು ಊದುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಇದೆ. ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ನೀವಾಗಿಯೇ ಬಿಡಬೇಡಿ. ಸಕ್ಕರೆ ಕಾಯಿಲೆಯವರು ತಿಂಡಿಯ ಹೊತ್ತು ತಪ್ಪದಂತೆ ಏನಾದರೂ ಕೈಯಲ್ಲೇ ಇಟ್ಟುಕೊಳ್ಳಿ.

"ಹಾಗಿದ್ದರೆ ರಾತ್ರಿ ಹನ್ನೆರಡಕ್ಕೆ ಹೊರಟುಬಿಡೋಣ, ರಸ್ತೆ ಖಾಲಿ ಇರುತ್ತದೆ" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲಿ ನಿಲ್ಲಿ. ಇದು ಟ್ರಾಫಿಕ್ಕಿಗಿಂತ ದೊಡ್ಡ ಗಂಡಾಂತರ. ದಿನವಿಡೀ ಆಫೀಸಿನಲ್ಲಿ ದುಡಿದು, ಊಟ ಮಾಡಿ, ನಿದ್ದೆಯಿಲ್ಲದೆ ಸ್ಟೀರಿಂಗ್ ಹಿಡಿದವರಿಗೆ ರಾತ್ರಿ ಎರಡರಿಂದ ಬೆಳಗಿನ ಜಾವದವರೆಗೆ ಕಣ್ಣು ಎಳೆಯುತ್ತದೆ. ನಮ್ಮ ಮೈಯೊಳಗಿನ ಗಡಿಯಾರ ಹಾಗೇ ಇದೆ. ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೂ ಅದು ಒಮ್ಮೆ ತೂಕಡಿಸುತ್ತದೆ.

ಮಕ್ಕಳೇ, ಇನ್ನೊಂದು ಲೆಕ್ಕ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ಓಡಿಸುವವರಿಗೆ ಮೂರು ಸೆಕೆಂಡ್ ಜೊಂಪು ಹತ್ತಿದರೆ 66 ಮೀಟರ್. ಅಂದರೆ ಸಾಲಾಗಿ ಇಟ್ಟ ಮೂರು ಕ್ರಿಕೆಟ್ ಪಿಚ್‌ಗಿಂತ ಹೆಚ್ಚು ದೂರ ಕಾರು ಕಣ್ಣು ಮುಚ್ಚಿಕೊಂಡು ಓಡಿದಂತೆ! ಕತ್ತಲಲ್ಲಿ ದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತ ಲಾರಿ ಅಷ್ಟರೊಳಗೆ ಎದುರಾದರೆ? ಕಿಟಕಿ ತೆಗೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು ಇವೆಲ್ಲ ನಿದ್ದೆಗೆ ಮದ್ದಲ್ಲ. ನಿದ್ದೆಗೆ ನಿದ್ದೆಯೇ ಮದ್ದು. ಕಣ್ಣು ಎಳೆದರೆ ಬೆಳಕಿರುವ, ಜನ ಇರುವ ಕಡೆ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು.

ಆದ್ದರಿಂದ ಒಳ್ಳೆಯ ಹೊತ್ತು ಬೆಳಿಗ್ಗೆ ಐದು. ಅದಕ್ಕೆ ತಯಾರಿ ಹಿಂದಿನ ಸಂಜೆಯಿಂದಲೇ ಆಗಬೇಕು. ಆರು ಗಂಟೆಗೆ ಬ್ಯಾಗುಗಳೆಲ್ಲ ಡಿಕ್ಕಿಯೊಳಗೆ. ಪೆಟ್ರೋಲ್ ತುಂಬಿಸಿ, ಟೈರಿಗೆ ಗಾಳಿ ಹಿಡಿಸಿ ಆಗಿರಬೇಕು. ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ ನೋಡಬೇಕು. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಅದು ಕಡ್ಡಾಯ. ಹಣ ಮುಗಿದ ಒಂದು ಕಾರು ನಿಂತರೆ ಹಿಂದೆ ಸಾಲೇ ನಿಲ್ಲುತ್ತದೆ. ಓಡಿಸುವವರು ಒಂಬತ್ತಕ್ಕೆ ಮಲಗಬೇಕು. ಇದನ್ನು ನೋಡಿಕೊಳ್ಳುವ ಕೆಲಸ ಅಜ್ಜನದು. "ಮೊಬೈಲ್ ಇಡು, ಮಲಗು" ಎಂದು ನಲವತ್ತು ವರ್ಷದ ಮಗನಿಗೂ ಮಗಳಿಗೂ ಗದರಿ ಹೇಳುವ ಅಧಿಕಾರ ಮನೆಯಲ್ಲಿ ಬೇರೆ ಯಾರಿಗಿದೆ?

ಐದಕ್ಕೆ ಹೊರಟರೆ ದಾರಿ ಸುಮಾರು ಹೀಗೆ ಸಾಗುತ್ತದೆ. ಏಳರ ಹೊತ್ತಿಗೆ ಶಿರಾ. ಅರ್ಧ ಗಂಟೆ ಇಳಿದು ತಿಂಡಿ. ಬುತ್ತಿ ತಂದಿದ್ದರೆ ಇನ್ನೂ ಒಳ್ಳೆಯದು. ಎಂಟೂಮುಕ್ಕಾಲಿಗೆ ಚಿತ್ರದುರ್ಗ. ಇಪ್ಪತ್ತು ನಿಮಿಷ ಓಡಾಟ, ನೀರು, ಶೌಚ. ಹತ್ತರ ಹೊತ್ತಿಗೆ ದಾವಣಗೆರೆ. ಬೆಣ್ಣೆದೋಸೆ ಬೇಕೆಂದರೆ ಊರೊಳಗೆ ಹೋಗಬೇಕು, ಹೆಚ್ಚಿನ ಮುಕ್ಕಾಲು ಗಂಟೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹನ್ನೊಂದೂವರೆಗೆ ಹಾವೇರಿ. ಒಂದು ಗಂಟೆಗೆ ಹುಬ್ಬಳ್ಳಿಯಲ್ಲಿ ಬಿಸಿ ಊಟ. ಕಣ್ಣು ತೂಕಡಿಸುವ ಮಧ್ಯಾಹ್ನದ ಹೊತ್ತಿಗೆ ಓಡಿಸುವವರು ಚಾಪೆಯ ಮೇಲೆ ಇರುತ್ತಾರೆ.

ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಕಾರಿನ ಕಾನೂನು ಆಗಲಿ. ಯಾರೂ ಕೇಳಬೇಕಾಗಿಲ್ಲ, ಗಡಿಯಾರವೇ ಹೇಳುತ್ತದೆ. ಆಗ ಅಜ್ಜಿ ಸಂಕೋಚವಿಲ್ಲದೆ ನೀರು ಕುಡಿಯುತ್ತಾರೆ. ಇದರ ಉಸ್ತುವಾರಿ ಮಕ್ಕಳಿಗೆ. ಒಂದು ಹಾಳೆಯಲ್ಲಿ ಊರುಗಳ ಹೆಸರು, ದೂರ, ತಲುಪಬೇಕಾದ ಹೊತ್ತು ಬರೆದುಕೊಳ್ಳಿ. ಪಕ್ಕದಲ್ಲಿ ತಲುಪಿದ ಹೊತ್ತು ಬರೆಯುತ್ತಾ ಹೋಗಿ. ಹಿಂದಿನ ದಿನ ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ಸಮಯವನ್ನು ಐದು, ಆರು, ಎಂಟು ಎಂದು ಬದಲಿಸಿ ನೋಡಿ, ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಮನೆಯವರಿಗೆ ತೋರಿಸಿ. ಆದರೆ ಕಾರು ಓಡುವಾಗ ಮೊಬೈಲ್ ನೋಡುತ್ತಾ ಕೂತರೆ ಹೊಟ್ಟೆ ತೊಳಸುತ್ತದೆ. ಕಿಟಕಿಯಾಚೆ ದೂರದಲ್ಲಿ ಕಣ್ಣಿಡಿ.

ನೋಡಲು ಏನಿಲ್ಲ? ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಎಣಿಸಿ, ಯಾರು ಹೆಚ್ಚು ಎಣಿಸಿದರು ನೋಡಿ. ಹಿರಿಯೂರು ಬಂದಾಗ ವಾಣಿವಿಲಾಸ ಸಾಗರದ ಕಥೆ ಕೇಳಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಹರಿಹರದ ಬಳಿ ತುಂಗಭದ್ರೆ ದಾಟುವಾಗ ಅಜ್ಜನನ್ನು ಕೇಳಿ. 1956ರ ನವೆಂಬರ್ 1ಕ್ಕೆ ಮೊದಲು ಈ ದಡ ಮೈಸೂರು ರಾಜ್ಯ, ಆ ದಡ ಮುಂಬಯಿ ರಾಜ್ಯ. ಹೊಳೆ ದಾಟಿದರೆ ರಾಜ್ಯವೇ ಬೇರೆ! ಮೋಟೆಬೆನ್ನೂರು ಬಂದರೆ ಬ್ಯಾಡಗಿ ಮೆಣಸಿನಕಾಯಿ ನೆನಪಿಸಿಕೊಳ್ಳಿ, ಹಾವೇರಿ ಬಂದರೆ ಏಲಕ್ಕಿ ಹಾರ.

ಹೊರಡುವ ದಿನವನ್ನೂ ಆರಿಸಿಕೊಳ್ಳಬೇಕು. ಸಾಲು ರಜೆ ಇದ್ದಾಗ ಶುಕ್ರವಾರ ಸಂಜೆ ಮತ್ತು ಶನಿವಾರ ಬೆಳಿಗ್ಗೆ ಬೆಂಗಳೂರೇ ಖಾಲಿಯಾದಂತೆ ಎಲ್ಲರೂ ಹೊರಡುತ್ತಾರೆ. ಭಾನುವಾರ ಸಂಜೆ ಎಲ್ಲರೂ ಮರಳುತ್ತಾರೆ. ಒಂದು ದಿನ ರಜೆ ಹಿಂದೆ ಮುಂದೆ ಮಾಡಿಕೊಳ್ಳಲು ಆದರೆ ಅರ್ಧ ತೊಂದರೆ ತಪ್ಪಿತು. ಆಗದಿದ್ದರೆ ಭಾನುವಾರ ಮಧ್ಯಾಹ್ನ ಮೂರರೊಳಗೆ ನೆಲಮಂಗಲ ಮುಟ್ಟುವಂತೆ ಬನ್ನಿ. ತಡವಾದರೆ ಅವಸರ ಬೇಡ. ತುಮಕೂರಿನಲ್ಲೇ ನಿಧಾನವಾಗಿ ಊಟ ಮುಗಿಸಿ, ರಸ್ತೆ ಸ್ವಲ್ಪ ತಿಳಿಯಾದ ಮೇಲೆ ಹೊರಡಿ. ಜಾಮ್‌ನಲ್ಲಿ ಕಳೆಯುವ ಎರಡು ಗಂಟೆಗಿಂತ ಹೋಟೆಲಿನಲ್ಲಿ ಕಳೆಯುವ ಎರಡು ಗಂಟೆ ಮೇಲು. ಏಳು ನಿಮಿಷ ಉಳಿಯುತ್ತದೆ ಎಂದು ಮೊಬೈಲ್ ತೋರಿಸುವ ಗೊತ್ತಿಲ್ಲದ ಹಳ್ಳಿ ದಾರಿಗೆ, ಅದೂ ಕತ್ತಲಲ್ಲಿ, ಇಳಿಯಬೇಡಿ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033ಕ್ಕೆ, ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಈ ಎರಡು ಸಂಖ್ಯೆ ಮಕ್ಕಳ ಹಾಳೆಯ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಇರಲಿ.

ಈ ವಾರದ ಲೆಕ್ಕ: ಹುಬ್ಬಳ್ಳಿಯಿಂದ ನೆಲಮಂಗಲಕ್ಕೆ 380 ಕಿ.ಮೀ. ಕಾರಿನ ಸರಾಸರಿ ವೇಗ ಗಂಟೆಗೆ 76 ಕಿ.ಮೀ. ದಾರಿಯಲ್ಲಿ 30 ನಿಮಿಷ, 20 ನಿಮಿಷ, ಊಟಕ್ಕೆ 50 ನಿಮಿಷ, ಹೀಗೆ ಮೂರು ಸಲ ನಿಲ್ಲಬೇಕು. ಮಧ್ಯಾಹ್ನ ಸರಿಯಾಗಿ ಮೂರಕ್ಕೆ ನೆಲಮಂಗಲ ಮುಟ್ಟಬೇಕಾದರೆ ಹುಬ್ಬಳ್ಳಿಯನ್ನು ಎಷ್ಟು ಗಂಟೆಗೆ ಬಿಡಬೇಕು? ತಾತ ಬಾಯಿಲೆಕ್ಕದಲ್ಲಿ ಮಾಡಲಿ, ನೀವು ಕಾಗದದ ಮೇಲೆ ಮಾಡಿ. ಯಾರು ಮೊದಲು?

(ಉತ್ತರ: ಬೆಳಿಗ್ಗೆ 8 ಗಂಟೆ 20 ನಿಮಿಷ. ಅಜ್ಜಿ ಬುತ್ತಿ ಕಟ್ಟುವುದು ತಡವಾದೀತು, 8 ಎಂದೇ ಹೇಳಿ.)