ಹಂದಿಯ ಮೂತ್ರದಲ್ಲಿ ಹರಿದುಹೋಗುವ ದುಡ್ಡು

ಹಂದಿ ಎಂದ ಕೂಡಲೇ ಮೂಗು ಮುರಿಯುವ ಸಭ್ಯರು ಇಲ್ಲಿಂದಲೇ ಮುಂದಿನ ಪುಟಕ್ಕೆ ಹೋಗಬಹುದು. ನಾವು ಬರೆಯುತ್ತಿರುವುದು ಅವರಿಗಾಗಿ ಅಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯ ಜನ ಬೆಳಗಿನ ರೈಲು ಹಿಡಿದು, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುತ್ತಾರೆ. ಅಂಥ ಸಂಸಾರಗಳಲ್ಲಿ ಮನೆಯ ಹಿಂದೆ ನಾಲ್ಕು ಸೀಮೆಹಂದಿ ಸಾಕಿಕೊಂಡವರೂ ಇದ್ದಾರೆ. ಅವರಿಗೆ ಅದೇ ಚೀಟಿ, ಅದೇ ಬ್ಯಾಂಕು. ಆ ಬ್ಯಾಂಕಿನ ದುಡ್ಡು ಯಾವ ತೂತಿನಲ್ಲಿ ಸೋರುತ್ತಿದೆ ಎಂಬುದೇ ನಮ್ಮ ವಿಷಯ.

ಹಿಂಡಿಯಂಗಡಿಯಲ್ಲಿ ಒಂದು ಮಂತ್ರವಿದೆ: "ಇದರಲ್ಲಿ ಪ್ರೋಟೀನು ಜಾಸ್ತಿ, ರೇಟೂ ಜಾಸ್ತಿ." ಬೆಳೆಯುವ ಹಂದಿಗೆ ನೂರಕ್ಕೆ 18 ಪಾಲು ಪ್ರೋಟೀನು ಬೇಕೆಂಬುದು ಹಳೆಯ ರೂಢಿ. ಆದರೆ ಹಂದಿಯ ಮೈಗೆ ಬೇಕಾದದ್ದು ಪ್ರೋಟೀನೆಂಬ ಹೆಸರಲ್ಲ, ಅದರೊಳಗಿನ ಅಮೈನೊ ಆಮ್ಲಗಳು. ಅವುಗಳಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್. ಗೋಡೆ ಕಟ್ಟುವಾಗ ಮೂಲೆಗಲ್ಲು ಮುಗಿದುಹೋದರೆ ಉಳಿದ ಕಲ್ಲು ರಾಶಿಯಾಗಿಯೇ ಬಿದ್ದಿರುತ್ತದೆ, ಅಲ್ಲವೆ? ಹಂದಿಯ ಹೊಟ್ಟೆಯಲ್ಲಿ ರಾಶಿಯಿಡಲು ಜಾಗವಿಲ್ಲ. ಮಿಕ್ಕದ್ದನ್ನು ಪಿತ್ತಜನಕಾಂಗವು ಒಡೆದು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಬೀಳುತ್ತದೆ. ತಿಂದ ಸಾರಜನಕದಲ್ಲಿ ಮಾಂಸವಾಗುವುದು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ.

ಈಗ ಲೆಕ್ಕ ನೋಡೋಣ. ಸೋಯಾ ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ ಸುಮಾರು 45, ಮುಸುಕಿನ ಜೋಳದಲ್ಲಿ 8 ಅಥವಾ 9. ಜೋಳ 75 ಕಿಲೋ, ಸೋಯಾ 25 ಕಿಲೋ ಬೆರೆಸಿದರೆ ಪ್ರೋಟೀನು ಹದಿನೇಳೂವರೆಗೆ ಬರುತ್ತದೆ. ಅದರಿಂದ 5 ಕಿಲೋ ಸೋಯಾ ತೆಗೆದು, 4 ಕಿಲೋ 850 ಗ್ರಾಂ ಜೋಳವನ್ನೂ 150 ಗ್ರಾಂ ಲೈಸಿನ್ ಪುಡಿಯನ್ನೂ ಹಾಕಿರಿ. ಪ್ರೋಟೀನು 16ರ ಹತ್ತಿರಕ್ಕೆ ಇಳಿಯುತ್ತದೆ; ಲೈಸಿನ್ ಇಳಿಯುವುದಿಲ್ಲ, ಹಂದಿಯ ಬೆಳವಣಿಗೆಯೂ ಇಳಿಯುವುದಿಲ್ಲ. 5 ಕಿಲೋ ಸೋಯಾದ ಬೆಲೆ ಒಂದು ಕಡೆ, ಇವೆರಡರ ಬೆಲೆ ಇನ್ನೊಂದು ಕಡೆ ಬರೆದು ಓದುಗರೇ ಕಳೆದು ನೋಡಲಿ. ಇದು ಬಡವರ ಕಂಜೂಸುತನವೆಂದು ಯಾರೂ ನಗಬೇಕಾಗಿಲ್ಲ. ಚೀನಾ ಸರ್ಕಾರವೇ 2023ರಲ್ಲಿ ಜಾನುವಾರು ಮೇವಿನಲ್ಲಿ ಸೋಯಾದ ಪಾಲನ್ನು ಇಳಿಸುವ ಮೂರು ವರ್ಷದ ಕಾರ್ಯಕ್ರಮ ಹಾಕಿಕೊಂಡಿತು.

ಆದರೆ ಎಚ್ಚರ. ಪ್ರೋಟೀನು ಇಳಿಸುವುದು ಬೇರೆ, ಮೇವು ಕೆಡಿಸುವುದು ಬೇರೆ. ಸೋಯಾ ತೆಗೆದು ಬರೀ ಬೂಸಾ ತುಂಬಿ "ಹೊಸ ವಿಜ್ಞಾನ" ಎಂದು ಮಾರುವ ವ್ಯಾಪಾರಿಯೂ ಹುಟ್ಟಿಕೊಳ್ಳುತ್ತಾನೆ. ಕಡಲೆಕಾಯಿ ಹಿಂಡಿಯ ಮೋಸ ಇನ್ನೂ ಸೂಕ್ಷ್ಮ. ಪ್ರೋಟೀನಿನಲ್ಲಿ ಅದು ಸೋಯಾಕ್ಕೆ ಸಮ, ಲೈಸಿನ್‌ನಲ್ಲಿ ಹೆಚ್ಚುಕಡಿಮೆ ಅರ್ಧ. ಚೀಟಿಯಲ್ಲಿ 18 ಎಂದೇ ಇರುತ್ತದೆ, ಹಂದಿ ಬಡಕಲಾಗಿರುತ್ತದೆ. ಇಪ್ಪತ್ತು ಕಿಲೋ ದಾಟದ ಮರಿಗಳಿಗೆ ನಮ್ಮ ಲೆಕ್ಕ ಸಲ್ಲದು. 14ಕ್ಕಿಂತ ಕೆಳಗಿಳಿಯುವುದಾದರೆ ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್‌ಗಳನ್ನೂ ನೋಡಬೇಕು. ಇನ್ನು ಹೋಟೆಲಿನ ಎಂಜಲನ್ನದ ಮೇಲೆ ಹಂದಿ ಸಾಕುವವರ ಕಷ್ಟ ತಿರುಗುಮುರುಗು: ಅಲ್ಲಿ ಪ್ರೋಟೀನು ಮೊದಲೇ ಸಾಲದು, ಇಳಿಸುವ ಮಾತೇ ಇಲ್ಲ. (ಆ ಎಂಜಲನ್ನು ಕುದಿಸದೆ ಹಾಕಬೇಡಿರಿ. 2020ರಲ್ಲಿ ಅಸ್ಸಾಮಿಗೆ, 2022ರಲ್ಲಿ ವಯನಾಡಿಗೆ ಬಂದ ಆಫ್ರಿಕನ್ ಹಂದಿಜ್ವರಕ್ಕೆ ಮದ್ದಿಲ್ಲ.)

ದುಡ್ಡಿಗಿಂತ ದೊಡ್ಡ ಮಾತೊಂದಿದೆ, ಅದು ನಾತದ ಮಾತು. ಮೂತ್ರದ ಯೂರಿಯಾ ಸಗಣಿಗೆ ಸೇರಿದೊಡನೆ ಅಮೋನಿಯಾ ಆಗಿ ಗಾಳಿಗೇಳುತ್ತದೆ. ಲೈನು ಮನೆಗಳೋ ಒಂದಕ್ಕೊಂದು ಬೆನ್ನು ತಾಗಿಸಿ ನಿಂತಿವೆ. ಗಣಿಯ ದೂಳು ಕುಡಿದು ಸಿಲಿಕೋಸಿಸ್ ಹಿಡಿದ ಮುದುಕರು ಒಳಗೆ ಕೆಮ್ಮುತ್ತಿದ್ದಾರೆ. ಅವರ ಎದೆಗೆ ಈ ಗಾಳಿಯೂ ಬೇಕೆ? ನೆರೆಯವರ ದೂರು ನಾತದಿಂದ ಆರಂಭವಾಗಿ ಜಾತಿಯ ಬೈಗುಳದಲ್ಲಿ ಮುಗಿಯುವುದನ್ನು ನಾವು ಕಂಡಿದ್ದೇವೆ. ಮೇವಿನ ಪ್ರೋಟೀನು ಒಂದು ಅಂಶ ಇಳಿದರೆ ಹೊರಬೀಳುವ ಸಾರಜನಕ ನೂರಕ್ಕೆ 8ರಿಂದ 10 ಪಾಲು ಇಳಿಯುತ್ತದೆ. ಪ್ರೋಟೀನು ಹೆಚ್ಚು ತಿಂದ ಹಂದಿ ನೀರೂ ಹೆಚ್ಚು ಕುಡಿಯುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸಿಕ್ಕಿದ ನೀರಿನಲ್ಲೂ ಫ್ಲೋರೈಡಿನ ಜೊತೆ ನೈಟ್ರೇಟು ಇದೆ.

ಹಾಲಿಗೆ ಒಕ್ಕೂಟವಿದೆ, ರೇಷ್ಮೆಗೆ ಮಾರುಕಟ್ಟೆಯಿದೆ. ಹಂದಿಗೆ ಏನಿದೆ? ಪಶುಪೋಷಣೆಗೆಂದೇ 1995ರಲ್ಲಿ ಸ್ಥಾಪಿಸಿದ ಕೇಂದ್ರ ಸಂಸ್ಥೆಯೊಂದು ಬೆಂಗಳೂರಿನ ಆಡುಗೋಡಿಯಲ್ಲಿದೆ. ನಮ್ಮ ಕೂಲಿಗಳು ದಿನಾ ಹೋಗಿಬರುವ ಊರು ಅದು. ಅಲ್ಲಿನ ವಿದ್ಯೆ ಕನ್ನಡ, ತಮಿಳು, ತೆಲುಗಿನ ಕರಪತ್ರಗಳಾಗಿ ಅದೇ ರೈಲಿನಲ್ಲಿ ಬರಲಾರದೆ? ಮೇವಿನ ಚೀಲದ ಮೇಲೆ ಪ್ರೋಟೀನಿನ ಪಕ್ಕದಲ್ಲಿ ಲೈಸಿನ್ ಎಷ್ಟೆಂದು ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕು. ಪಶು ಆಸ್ಪತ್ರೆಗಳಲ್ಲಿ ಲೈಸಿನ್ ಸಣ್ಣ ಪೊಟ್ಟಣಗಳಲ್ಲಿ ಸಿಗಬೇಕು.

ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಲೈಸಿನ್ ಸಾಮಾನ್ಯವಾಗಿ ಬರುವುದು 25 ಕಿಲೋ ಚೀಲದಲ್ಲಿ. ಮಾರಾಟದ ತೂಕಕ್ಕೆ ಬರುವಷ್ಟರಲ್ಲಿ ಒಂದು ಹಂದಿ ಸುಮಾರು ಎರಡೂವರೆ ಕ್ವಿಂಟಾಲ್ ತಿನ್ನುತ್ತದೆ. ನಮ್ಮ ಲೆಕ್ಕದಂತೆ ಆ ಒಂದು ಚೀಲ ಅರವತ್ತಕ್ಕೂ ಹೆಚ್ಚು ಹಂದಿಗಳಿಗೆ ಸಾಕು. ನಾಲ್ಕು ಹಂದಿಯವನಿಗೆ ಅದು ಹೊರೆ, ಹದಿನೈದು ಮನೆ ಕೂಡಿದರೆ ಹೊರೆಯಲ್ಲ. ಒಂದು ಲೈನಿನವರು ಸೇರಿ ಚೀಲ ತರಿಸಿ, ತಕ್ಕಡಿಯಲ್ಲಿ ತೂಗಿ ಹಂಚಿಕೊಳ್ಳಲಿ. ಪುಡಿಯನ್ನು ನೇರವಾಗಿ ರಾಶಿಗೆ ಎರಚದೆ, ಮೊದಲು ಎರಡು ಕಿಲೋ ಜೋಳದ ಹಿಟ್ಟಿನಲ್ಲಿ ಚೆನ್ನಾಗಿ ಬೆರೆಸಿ ಆಮೇಲೆ ಮಿಕ್ಕ ಮೇವಿಗೆ ಸೇರಿಸಬೇಕು. ಇಲ್ಲವಾದರೆ ಒಂದು ಹಂದಿಗೆ ಎಲ್ಲವೂ, ಮೂರಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ.