ಹನ್ನೆರಡು ತಾಸಿನ ದುಡಿಮೆ ಬೇಡ

ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. ವಾರಕ್ಕೆ 48 ತಾಸು ದಾಟುವಂತಿಲ್ಲ, ಕಾರ್ಮಿಕರು ಲಿಖಿತವಾಗಿ ಒಪ್ಪಬೇಕು, ಇನ್ನೇನು ತೊಂದರೆ ಎಂದು ಸಮರ್ಥಿಸುವವರಿದ್ದಾರೆ. ಮೂರು ತಿಂಗಳಿಗೆ 75 ತಾಸಿದ್ದ ಓಟಿ ಮಿತಿಯನ್ನು ಅದೇ ತಿದ್ದುಪಡಿ 144ಕ್ಕೆ ಏರಿಸಿದ್ದನ್ನು ಅವರು ಎತ್ತುವುದೇ ಇಲ್ಲ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಸುತ್ತಿನ ಊರುಗಳಲ್ಲಿ ಮಳೆ ಕೈಕೊಟ್ಟರೆ ಮೆಕ್ಕೆಜೋಳ ಹೋಗಿ ಸಾಲ ಉಳಿಯುತ್ತದೆ. ಮುದುಕರನ್ನೂ ಮಕ್ಕಳನ್ನೂ ಮನೆಯಲ್ಲಿ ಬಿಟ್ಟು ದುಡಿಯುವ ಕೈಗಳು ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡಕ್ಕೋ ಗಾರ್ಮೆಂಟ್ಸಿಗೋ ಗುಳೆ ಹೋಗುತ್ತವೆ. ಹಾಗೆ ಹೋದ ಹೆಣ್ಣುಮಗಳ ಮುಂದೆ ಕೆಲಸಕ್ಕೆ ಸೇರುವ ದಿನ ಪಿಎಫ್, ಇಎಸ್‌ಐ ಫಾರಂಗಳ ಕಟ್ಟನ್ನು ಇಡುತ್ತಾರೆ. ಗುಮಾಸ್ತ ಬೆರಳಿಟ್ಟ ಕಡೆಯೆಲ್ಲ ಆಕೆ ಸಹಿ ಹಾಕುತ್ತಾಳೆ. ಒಪ್ಪಿಗೆ ಪತ್ರವೂ ಆ ಕಟ್ಟಿನಲ್ಲೇ ಸೇರಿದರೆ, ಊರಲ್ಲಿ ಸಾಲ ಇಟ್ಟುಕೊಂಡು ಬಂದವಳು ಅದೊಂದನ್ನು ತೆಗೆದು ಪಕ್ಕಕ್ಕಿಡುತ್ತಾಳೆಯೇ?

ಮಿಷನ್ ಮುಂದಿನ ಹನ್ನೆರಡು ತಾಸಿಗೆ ಹಿಂದೆಮುಂದೆ ಬಸ್ಸಿನ ದಾರಿ ಸೇರಿಸಿ. ವಠಾರದ ನಲ್ಲಿಯಲ್ಲಿ ನೀರು ಹಿಡಿಯುವುದು, ಅಡುಗೆ, ಬಟ್ಟೆ ಇನ್ನೂ ಉಳಿದಿವೆ. ಊರಲ್ಲಿ ಅಜ್ಜಿಯ ಹತ್ತಿರ ಇರುವ ಮಗುವಿಗೆ ಫೋನ್ ಮಾಡುವ ಹೊತ್ತಿಗೆ ಅದು ಮಲಗಿರುತ್ತದೆ. ನಾಲ್ಕು ದಿನ ದುಡಿದು ಮೂರು ದಿನ ರಜೆ ಪಡೆಯಬಹುದು ಎನ್ನುವ ವಾದವೂ ಇದೆ. ಟಾರ್ಗೆಟ್ ಮುಗಿಯದ ಬ್ಯಾಚಿಗೆ ಮೂರು ದಿನ ರಜೆ ಕೊಡುವ ಸೂಪರ್‌ವೈಸರ್ ಎಲ್ಲಿದ್ದಾನೆ?

ನಮಗೆ ಹತ್ತಿರದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಕೂಲಿಯ ಜೊತೆಗೆ ಕಾರ್ಮಿಕ ಸಂಘವನ್ನೂ ಬೆಳೆಸಿದ್ದವು. ಸಿಪಿಐನ ಪಂಪಾಪತಿ ಅಲ್ಲಿಂದ ಮೂರು ಬಾರಿ ಶಾಸಕರಾದದ್ದು ಆ ಬಲದಿಂದ. ಗಿರಣಿಗಳು ಮುಚ್ಚಿದ ಮೇಲೆ ನಮ್ಮ ಜನರಿಗೆ ಹತ್ತಿರದ ಕೆಲಸವೂ ಹೋಯಿತು, ಬೆನ್ನಿಗಿದ್ದ ಸಂಘವೂ ಹೋಯಿತು. ಆದರೂ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ಪಿಎಫ್ ಹಣ ತೆಗೆಯುವುದಕ್ಕೆ ಹಾಕಿದ್ದ ನಿರ್ಬಂಧವನ್ನು ಕೇಂದ್ರ ಸರ್ಕಾರ ಕೈಬಿಡಬೇಕಾಯಿತು. 2020ರ ಮೇನಲ್ಲಿ ಹೊರಡಿಸಿದ ಹತ್ತು ತಾಸಿನ ಆದೇಶವನ್ನೂ ರಾಜ್ಯ ಸರ್ಕಾರ ಹೈಕೋರ್ಟ್ ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ಹಿಂಪಡೆಯಿತು.

2025ರ ನವೆಂಬರ್‌ನಿಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಡಿ ರಾಜ್ಯದ ನಿಯಮಗಳಲ್ಲಿ ಹನ್ನೆರಡು ತಾಸು ಮತ್ತೆ ನುಸುಳಬಾರದು. ಹೆಚ್ಚಿನ ದುಡಿಮೆಗೆ ಒಬ್ಬೊಬ್ಬರ ಸಹಿ ಸಾಲದು, ಸಂಘದ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಕೆಲಸ ಕಳೆದುಕೊಳ್ಳದೆ ವಾಪಸ್ ಪಡೆಯುವ ಹಕ್ಕೂ ಬೇಕು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಶಾಸಕರು ಇದನ್ನು ಸದನದಲ್ಲಿ ಎತ್ತಬೇಕು. ಗುಳೆ ಹೋದವರೂ ಅವರ ಮತದಾರರೇ.