ಕೈ ತೊಳೆದ ನೀರು

ಕನ್ನಡದ ಮನೆಮಾತಿನಲ್ಲಿ ಕೈ ತೊಳೆದುಕೊಳ್ಳುವುದಕ್ಕೆ ಅರ್ಥಗಳು ಹಲವು. ಊಟವಾದ ಮೇಲೆ ಕೈ ತೊಳೆಯುವುದು ನಿತ್ಯದ ಆಚಾರ. ಒಬ್ಬನನ್ನು ಬಿಡದೆ ಪೀಡಿಸುವವನನ್ನು ಕುರಿತು, ಕೈ ತೊಳೆದುಕೊಂಡು ಬೆನ್ನು ಹತ್ತಿದ್ದಾನೆ ಎನ್ನುವುದುಂಟು. ಹೊಣೆಯನ್ನು ಕೊಡವಿಕೊಂಡು ದೂರ ಸರಿದವನನ್ನು ಕಂಡಾಗಲೂ ಜನರ ಬಾಯಿಗೆ ಬರುವುದು ಇದೇ ಮಾತು: ಆತನು ಕೈ ತೊಳೆದುಕೊಂಡುಬಿಟ್ಟ! ಈ ಕೊನೆಯ ಅರ್ಥಕ್ಕೆ ಜೀವಂತ ನಿದರ್ಶನವೆಂಬಂತಹ ಚಿತ್ರವೊಂದು ಬೈಬಲಿನಲ್ಲಿದೆ.

ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ಯೆರೂಸಲೇಮಿನಲ್ಲಿ ಪಸ್ಕಹಬ್ಬದ ಕಾಲ. ನ್ಯಾಯಾಸನದ ಮೇಲೆ ರೋಮಿನ ಅಧಿಪತಿಯಾದ ಪೊಂತ್ಯ ಪಿಲಾತ. ಎದುರಿಗೆ, ಕಟ್ಟಿ ತಂದ ಯೇಸು. ಸುತ್ತಲೂ, ಶಿಲುಬೆಯ ಮರಣವನ್ನು ಬೇಡಿ ಕೂಗುವ ಗುಂಪು. ಗದ್ದಲವು ಹೆಚ್ಚುತ್ತಿರುವುದನ್ನು ಕಂಡ ಪಿಲಾತನು ನೀರು ತರಿಸಿ, ಎಲ್ಲರ ಕಣ್ಣೆದುರಿನಲ್ಲಿ ಕೈಗಳನ್ನು ತೊಳೆದುಕೊಂಡನು. ಈ ಸಾವಿನ ಪಾಪವು ತನಗೆ ಅಂಟದೆಂದೂ, ಅದನ್ನು ಅವರೇ ನೋಡಿಕೊಳ್ಳಬೇಕೆಂದೂ ಸಾರಿದನು. ಬಳಿಕ ಯೇಸುವನ್ನು ಕೊರಡೆಗಳಿಂದ ಹೊಡೆಸಿ ಶಿಲುಬೆಗೆ ಒಪ್ಪಿಸಿದನು. ತೊಳೆದ ಕೈಯ ಒದ್ದೆ ಆರುವ ಮೊದಲೇ ಮರಣದ ಅಪ್ಪಣೆ ಹೊರಟಿತ್ತು.

ಪಿಲಾತನು ಕಥೆಗಾಗಿ ಕಲ್ಪಿಸಿದ ವ್ಯಕ್ತಿಯಲ್ಲ. ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 26ರಿಂದ 36ರವರೆಗೆ, ಯೂದಾಯ ಪ್ರಾಂತವನ್ನು ಆಳಿದ ಅಧಿಕಾರಿ. 1961ರಲ್ಲಿ ಕಡಲ ತಡಿಯ ಕೈಸರೈಯ ಪಟ್ಟಣದ ಪ್ರಾಚೀನ ನಾಟಕಶಾಲೆಯನ್ನು ಅಗೆಯುತ್ತಿದ್ದ ಇಟಲಿಯ ಪುರಾತತ್ತ್ವಜ್ಞರಿಗೆ, ಅವನ ಹೆಸರನ್ನೂ ಪದವಿಯನ್ನೂ ಕೆತ್ತಿದ ಕಲ್ಲೊಂದು ದೊರೆಯಿತು. ಹಿಂದಿನ ಕಾಲದವರು ಆ ಕಲ್ಲನ್ನು ಕಿತ್ತು ತಂದು ಮೆಟ್ಟಿಲು ಕಟ್ಟಲು ಬಳಸಿಕೊಂಡಿದ್ದರು.

ಪಿಲಾತನಿಗೆ ಸತ್ಯವು ತಿಳಿಯದೆ ಇರಲಿಲ್ಲ. ಲೂಕನ ಸುವಾರ್ತೆಯಂತೆ, ಈತನಲ್ಲಿ ಮರಣಕ್ಕೆ ತಕ್ಕ ಅಪರಾಧವಿಲ್ಲವೆಂದು ಅವನು ಮೂರು ಬಾರಿ ಬಾಯಿಬಿಟ್ಟು ಹೇಳಿದನು. ಮಹಾಯಾಜಕರನ್ನು ಪ್ರೇರಿಸಿದ್ದು ಹೊಟ್ಟೆಕಿಚ್ಚೆಂಬುದನ್ನೂ ಬಲ್ಲವನಾಗಿದ್ದನು. ನ್ಯಾಯಾಸನದಲ್ಲಿ ಕುಳಿತಿರುವಾಗಲೇ ಅವನ ಹೆಂಡತಿಯು ತಾನು ಕಂಡ ಕನಸಿನಿಂದ ಕಳವಳಗೊಂಡು, ಆ ನಿರಪರಾಧಿಯ ಗೊಡವೆಗೆ ಹೋಗಬಾರದೆಂದು ಹೇಳಿಕಳುಹಿಸಿದಳು. ಅವನು ಉಪಾಯಗಳನ್ನು ಹುಡುಕಿದ್ದೂ ಉಂಟು. ಯೇಸು ಗಲಿಲಾಯದವನೆಂದು ತಿಳಿದೊಡನೆ, ಆ ಸೀಮೆಯ ಒಡೆಯನಾದ ಹೆರೋದನ ಬಳಿಗೆ ಅಟ್ಟಿ ನೋಡಿದನು. ಹೆರೋದನು ಹಾಸ್ಯಮಾಡಿ ಹಿಂದಕ್ಕೆ ಕಳುಹಿಸಿದನು. ಹಬ್ಬದಲ್ಲಿ ಒಬ್ಬ ಸೆರೆಯಾಳನ್ನು ಬಿಡುವ ಪದ್ಧತಿಯನ್ನು ಮುಂದೊಡ್ಡಿದನು. ಗುಂಪು ಬರಬ್ಬನನ್ನು ಬೇಡಿತು. ಉಪಾಯಗಳೆಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ದಾರಿ: ತನಗೆ ಸರಿಯೆಂದು ಕಂಡುದನ್ನು ತಾನೇ ತೀರ್ಪಾಗಿ ನುಡಿಯುವುದು. ಆ ದಾರಿಯನ್ನು ಮಾತ್ರ ಅವನು ಹಿಡಿಯಲಿಲ್ಲ.

ಕಾರಣವನ್ನು ಯೋಹಾನನು ತಿಳಿಸುತ್ತಾನೆ. ಈತನನ್ನು ಬಿಡಿಸಿದರೆ ನೀನು ಕೈಸರನಿಗೆ ಮಿತ್ರನಲ್ಲವೆಂದು ಗುಂಪು ಬೆದರಿಸಿತು. ಮಾತು ರೋಮಿಗೆ ಮುಟ್ಟಿದರೆ ಪದವಿ ಹೋದೀತು, ಪ್ರಾಣವೂ ಹೋದೀತು. ಅವನ ಅಂಜಿಕೆ ಸುಳ್ಳಲ್ಲ. ಹಾಗೆಂದು ಗುಂಪಿಗೆ ಮಣಿದದ್ದೇ ತಪ್ಪೆನ್ನಲೂ ಆಗದು. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸನು ಬರೆದಿಟ್ಟ ಇನ್ನೊಂದು ಸಂಗತಿಯಿದೆ. ಪಿಲಾತನು ಚಕ್ರವರ್ತಿಯ ಮುಖಚಿತ್ರವಿದ್ದ ಸೈನ್ಯದ ಲಾಂಛನಗಳನ್ನು ಇರುಳಿನಲ್ಲಿ ಯೆರೂಸಲೇಮಿನೊಳಕ್ಕೆ ತರಿಸಿದಾಗ, ಜನರು ಕೈಸರೈಯಕ್ಕೆ ಹೋಗಿ ದಿನಗಟ್ಟಲೆ ಬೇಡಿಕೊಂಡರು. ಸೈನಿಕರು ಕತ್ತಿ ಹಿರಿದು ಸುತ್ತುಗಟ್ಟಿದರೂ ಕದಲದೆ, ನೆಲಕ್ಕೊರಗಿ ಕೊರಳೊಡ್ಡಿದರು. ಬೆರಗಾದ ಪಿಲಾತನು ಲಾಂಛನಗಳನ್ನು ಹಿಂದಕ್ಕೆ ತರಿಸಿದನು. ಅಂದು ಮಣಿದದ್ದರಿಂದ ಹಲವರ ಪ್ರಾಣ ಉಳಿಯಿತು, ನಷ್ಟವಾದದ್ದು ಅಧಿಕಾರಿಯ ಬಿಗುಮಾನವೊಂದೇ. ಯೇಸುವಿನ ವಿಚಾರಣೆಯಲ್ಲಿ ಮಣಿದಾಗ ಉಳಿದದ್ದು ಅಧಿಕಾರಿಯ ಪದವಿ, ಹೋದದ್ದು ನಿರಪರಾಧಿಯ ಪ್ರಾಣ. ಮಣಿಯುವವನು ಯಾರ ತಲೆಯನ್ನು ಬೆಲೆಯಾಗಿ ತೆರುತ್ತಾನೆ ಎಂಬುದರ ಮೇಲೆ ಮಣಿಯುವಿಕೆಯ ಗುಣ ನಿಂತಿದೆ.

ಕೈ ತೊಳೆಯುವ ವಿಧಿಯು ಯೆಹೂದ್ಯರಿಗೆ ಹೊಸದಲ್ಲ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯವು ಅದನ್ನು ವಿವರಿಸುತ್ತದೆ. ಬಯಲಿನಲ್ಲಿ ಕೊಲೆಯಾದ ಹೆಣ ಸಿಕ್ಕಿ, ಕೊಂದವನು ತಿಳಿಯದಿದ್ದರೆ, ಸುತ್ತಲಿನ ಊರುಗಳ ದೂರವನ್ನು ಅಳೆಯಬೇಕು. ಹತ್ತಿರದ ಊರಿನ ಹಿರಿಯರು ನೊಗ ಹೊರದ ಕಡಸೊಂದನ್ನು ಸದಾ ನೀರು ಹರಿಯುವ ತಗ್ಗಿಗೆ ಒಯ್ದು, ಅಲ್ಲಿ ಅದರ ಕುತ್ತಿಗೆ ಮುರಿದು, ಅದರ ಮೇಲೆ ಕೈ ತೊಳೆದುಕೊಂಡು, ಈ ಕೊಲೆಯನ್ನು ತಾವು ಮಾಡಲೂ ಇಲ್ಲ, ಕಾಣಲೂ ಇಲ್ಲವೆಂದು ನುಡಿದು ದೇವರ ಕ್ಷಮೆಯನ್ನು ಬೇಡಬೇಕು. ಈ ವಿಧಿಯ ಅಂತರಂಗ ದೊಡ್ಡದು. ಕೊಲೆ ಮಾಡದವರೂ ತಮ್ಮ ಸೀಮೆಯಲ್ಲಿ ಬಿದ್ದ ಹೆಣಕ್ಕೆ ತಲೆ ತಗ್ಗಿಸಿ ಬಂದು ನಿಲ್ಲುತ್ತಾರೆ. ಪಿಲಾತನು ಅದನ್ನು ತಲೆಕೆಳಗು ಮಾಡಿದನು. ಹಿರಿಯರು ಕೊಲೆಯಾದ ಮೇಲೆ ತೊಳೆದರು. ಇವನು ಮೊದಲೇ ತೊಳೆದನು. ಅವರಿಗೆ ಕೊಂದವನು ಯಾರೆಂದು ತಿಳಿಯದು. ಇಲ್ಲಿ ಆಜ್ಞೆಯೇ ಅವನದು.

ಅವನು ಸ್ವಭಾವತಃ ದುರ್ಬಲನೆಂದರೂ ಸಲ್ಲದು. ಶಿಲುಬೆಯ ಮೇಲೆ ಇಬ್ರಿಯ, ಲತೀನ್, ಗ್ರೀಕ್ ಭಾಷೆಗಳಲ್ಲಿ ಬರೆಸಿದ ಫಲಕದ ಮಾತನ್ನು ತಿದ್ದಬೇಕೆಂದು ಮಹಾಯಾಜಕರು ಕೇಳಿದಾಗ, ಬರೆದದ್ದು ಬರೆದಾಯಿತೆಂದು ಖಂಡಿತವಾಗಿ ನಿರಾಕರಿಸಿದನು. ಮನುಷ್ಯನ ಪ್ರಾಣದ ವಿಷಯದಲ್ಲಿ ಬಾರದ ದಾರ್ಢ್ಯವು ಅಕ್ಷರದ ವಿಷಯದಲ್ಲಿ ಬಂದಿತು!

ಹೀಗೆ ಕೊಡವಿದ ಹೊಣೆ ನೀರಿನೊಡನೆ ಹರಿದು ಹೋಗುವುದಿಲ್ಲ. ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಆ ದಿನ ಗುಂಪು ಕೂಗಿದ ಮಾತನ್ನೇ ಹಿಡಿದು, ಮುಂದಿನ ಶತಮಾನಗಳಲ್ಲಿ ಕ್ರೈಸ್ತ ದೇಶಗಳವರು ಯೇಸುವಿನ ಮರಣದ ಅಪರಾಧವನ್ನು ಇಡೀ ಯೆಹೂದಿ ಜನಾಂಗದ ಮೇಲೆ ಹೊರಿಸಿ, ಅವರಿಗೆ ಹೇಳತೀರದ ಹಿಂಸೆಯನ್ನು ಕೊಟ್ಟರು. ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ದೋಷವನ್ನು ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ.

ಪಿಲಾತನ ಬೋಗುಣಿ ಇಂದಿಗೂ ಬರಿದಾಗಿಲ್ಲ. ಗಂಡನನ್ನು ಕಳೆದುಕೊಂಡವಳ ಪಿಂಚಣಿಯ ಕಾಗದವು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅದು ನ್ಯಾಯವಾದ ಕೋರಿಕೆಯೆಂದು ಎಲ್ಲರೂ ಬಲ್ಲರು. ಪ್ರತಿಯೊಬ್ಬನೂ ಒಂದು ಷರಾ ಬರೆದು ಮುಂದಕ್ಕೆ ತಳ್ಳುತ್ತಾನೆ. ಮುದಿ ತಾಯಿಯನ್ನು ಹಿರಿಯ ಮಗನು ಕಿರಿಯನ ಮನೆಗೂ, ಕಿರಿಯನು ಹಿರಿಯನ ಮನೆಗೂ ಕಳುಹಿಸುತ್ತಾರೆ. ಪಿಲಾತನು ಹೆರೋದನ ಬಳಿಗೆ ಅಟ್ಟಿದ್ದೂ ಹೀಗೆಯೇ. ನೆರೆಮನೆಯ ಸೊಸೆಯ ಅಳುವನ್ನು ಕೇಳಿದವರು, ಅದು ಅವರ ಮನೆಯ ವಿಷಯವೆಂದು ಕಿಟಕಿಯನ್ನು ಮುಚ್ಚುತ್ತಾರೆ. ಇವರಾರೂ ಕ್ರೂರಿಗಳಲ್ಲ, ಮನಸ್ಸಿನಲ್ಲಿ ಮರುಗುವವರೇ. ಪಿಲಾತನೂ ಮರುಗಿದ್ದನು. ಆ ಮರುಕದಿಂದ ಕಟ್ಟಿ ತಂದವನ ಕಟ್ಟೊಂದೂ ಸಡಿಲವಾಗಲಿಲ್ಲ.

ಅದೇ ದಿನದ ಸಂಜೆ ಪಿಲಾತನ ಬಾಗಿಲಿಗೆ ಇನ್ನೊಬ್ಬನು ಬಂದನು. ಅವನು ಅರಿಮಥಾಯದ ಯೋಸೇಫ, ಯೇಸುವಿಗೆ ವಿರೋಧವಾಗಿ ನಿಂತ ಹಿರೀಸಭೆಯ ಸದಸ್ಯ. ಸಭೆಯ ಆಲೋಚನೆಗೆ ತಾನು ಒಪ್ಪಿರಲಿಲ್ಲವೆಂದು ಹೇಳಿಕೊಂಡು ಮನೆಯಲ್ಲಿ ಕುಳಿತಿದ್ದರೆ ಅವನನ್ನು ಯಾರೂ ದೂರುತ್ತಿರಲಿಲ್ಲ. ಆದರೂ ಧೈರ್ಯ ತಂದುಕೊಂಡು ಅಧಿಪತಿಯೆದುರು ನಿಂತು ದೇಹವನ್ನು ಬೇಡಿದನು. ಹೆಣವನ್ನು ಮುಟ್ಟಿದವನಿಗೆ ಏಳು ದಿನ ಮೈಲಿಗೆಯೆಂದು ಅರಣ್ಯಕಾಂಡದ ವಿಧಿ. ಅದೂ ಹಬ್ಬದ ಕಾಲ. ಅದಾವುದನ್ನೂ ಲೆಕ್ಕಿಸದೆ ದೇಹವನ್ನು ಇಳಿಸಿ, ನಾರುಬಟ್ಟೆಯಲ್ಲಿ ಸುತ್ತಿ, ಬಂಡೆಯಲ್ಲಿ ತೋಡಿದ ಸಮಾಧಿಯಲ್ಲಿ ಇಟ್ಟನು. ಆ ದಿನ ಅಧಿಪತಿಯ ಕೈ ನೀರಿನಿಂದ ಶುಚಿಯಾಗಿತ್ತು, ಯೋಸೇಫನ ಕೈಗೆ ರಕ್ತ ಅಂಟಿತ್ತು.

ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಿ ಯೇಸುವಿನ ಹೊರತು ಹೆಸರು ಹೇಳಿದ ಮನುಷ್ಯರು ಇಬ್ಬರೇ: ಹೆತ್ತ ತಾಯಿ ಮರಿಯಳು, ಕೊಲ್ಲಿಸಿದ ಅಧಿಕಾರಿ ಪಿಲಾತನು. ನೀರು ತರಿಸಿಕೊಂಡ ಸಂಗತಿ ಅಲ್ಲಿ ಬರುವುದಿಲ್ಲ. ಅವನ ಅಧಿಕಾರದಲ್ಲಿ ಯೇಸು ಬಾಧೆಪಟ್ಟನೆಂಬಷ್ಟೇ ಉಳಿದಿದೆ. ಕೈಲಾದಷ್ಟನ್ನು ಮಾಡಬಲ್ಲವನು ಮಾಡದೆ ಬಿಟ್ಟರೆ, ಅವನ ಲೆಕ್ಕಕ್ಕೆ ಬರುವುದೂ ಅಷ್ಟೇ.